ದಿವಾನ್ ಶೇಷಾದ್ರಿ ಅಯ್ಯರ್

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೋಲಾರದ ಚಿನ್ನದ ಗಣಿಗಳು ಮೈಸೂರು ಸಂಸ್ಥಾನದ ಬೊಕ್ಕಸಕ್ಕೆ ದೊಡ್ಡ ಆಸರೆಯಾಗಿದ್ದವು. ಗಣಿ ಆಳವಾದಂತೆಲ್ಲ ಅದಿರನ್ನು ಮೇಲೆತ್ತುವ, ನೀರನ್ನು ಹೊರಹಾಕುವ ಯಂತ್ರಗಳಿಗೆ ಹೆಚ್ಚು ಶಕ್ತಿ ಬೇಕಾಗುತ್ತಿತ್ತು. ಆ ಯಂತ್ರಗಳು ಉಗಿಯಿಂದ ನಡೆಯುತ್ತಿದ್ದವು. ಉಗಿಗೆ ಬೇಕಾದ ಕಲ್ಲಿದ್ದಲು ಸಂಸ್ಥಾನದಲ್ಲಿ ದೊರೆಯುತ್ತಿರಲಿಲ್ಲ. 1894ರಲ್ಲಿ ಬಂಗಾರಪೇಟೆಯಿಂದ ಗಣಿಗಳಿಗೆ ರೈಲುಮಾರ್ಗವಾಗಿ ಸಾಗಣೆ ಸುಲಭವಾದರೂ ಇಂಧನವು ದುಬಾರಿಯಾಗಿಯೇ ಉಳಿಯಿತು.

ಈ ತೊಡಕಿಗೆ ಕಾವೇರಿಯಲ್ಲಿ ಪರಿಹಾರವನ್ನು ಕಂಡವರು ದಿವಾನ್ ಕೆ. ಶೇಷಾದ್ರಿ ಅಯ್ಯರ್. ಅವರು 1845ರಲ್ಲಿ ಪಾಲಕ್ಕಾಡಿನ ಸೀಮೆಯಲ್ಲಿ ಜನಿಸಿದರು. ಮದರಾಸಿನಲ್ಲಿ ಪದವಿ ಪಡೆದು 1868ರಲ್ಲಿ ಮೈಸೂರಿನ ಸೇವೆಗೆ ಸೇರಿದರು. ಸಣ್ಣ ಹುದ್ದೆಗಳಿಂದ ಮೇಲೇರಿ 1883ರಲ್ಲಿ ದಿವಾನರಾದರು.

ಶಿವನಸಮುದ್ರದಲ್ಲಿ ಧುಮುಕುವ ನೀರಿನಿಂದ ವಿದ್ಯುತ್ತನ್ನು ಉತ್ಪಾದಿಸಿ ಗಣಿಗಳಿಗೆ ಮಾರುವುದು ಯೋಜನೆಯ ತಿರುಳು. ಗಣಿಗಳಿಗೆ ಶಕ್ತಿ ಅಗ್ಗವಾಗಬೇಕು, ಸರ್ಕಾರಕ್ಕೆ ವರಮಾನ ಬರಬೇಕು. ಆದರೆ ಗಣಿಗಳು ಅಲ್ಲಿಂದ 147 ಕಿಲೋಮೀಟರ್ ದೂರದಲ್ಲಿದ್ದವು. ಅಷ್ಟು ದೂರ ವಿದ್ಯುತ್ತನ್ನು ಸಾಗಿಸಿದ ಅನುಭವ ಜಗತ್ತಿನಲ್ಲಿಯೇ ವಿರಳ. ಯೋಜನೆ ಸೋತರೆ ಪ್ರಜೆಗಳ ತೆರಿಗೆಯ ಹಣ ನೀರುಪಾಲಾಗುತ್ತಿತ್ತು. ಆದ್ದರಿಂದ ದಿವಾನರು ಸಾಹಸದೊಂದಿಗೆ ಎಚ್ಚರವನ್ನೂ ಇರಿಸಿಕೊಂಡರು. ಎಂಜಿನಿಯರ್ ಜೋಲಿ ದ ಲಾಟ್‌ಬಿನಿಯರ್ ಅವರನ್ನು ಯುರೋಪು, ಅಮೆರಿಕಗಳಿಗೆ ಅಧ್ಯಯನಕ್ಕಾಗಿ ಕಳುಹಿಸಲಾಯಿತು. ಗಣಿ ಕಂಪನಿಗಳೊಡನೆ ವಿದ್ಯುತ್ ಮಾರಾಟದ ಒಪ್ಪಂದವಾಯಿತು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯು ವಿದ್ಯುತ್ ಯಂತ್ರಗಳನ್ನು ಒದಗಿಸಿತು.

ಕಾಮಗಾರಿ ನಡೆಯುತ್ತಿರುವಾಗಲೇ ದಿವಾನರ ಆರೋಗ್ಯ ಕುಗ್ಗಿತು. 1901ರಲ್ಲಿ ಅಧಿಕಾರವನ್ನು ಬಿಟ್ಟ ಅವರು ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಿಧನರಾದರು. 1902ರ ಜೂನ್ 30ರಂದು ಕಾವೇರಿಯ ಶಕ್ತಿ ಗಣಿಗಳನ್ನು ತಲುಪಿತು. ತಾವು ನೆಟ್ಟ ಮರದ ಫಲವನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ.

ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದುದು 1905ರಲ್ಲಿ. ಬೇಸಿಗೆಯಲ್ಲಿ ನದಿಯ ಹರಿವು ತಗ್ಗಿ ಉತ್ಪಾದನೆಗೆ ಅಡಚಣೆಯಾಗುತ್ತಿತ್ತು. ಈ ಕೊರತೆಯನ್ನು ನೀಗುವುದೂ 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲೊಂದಾಗಿತ್ತು.

ಕಲ್ಲಿದ್ದಲಿನ ಹೊಗೆ ಭೂಮಿಯ ಹವೆಯನ್ನೇ ಬಿಸಿಯಾಗಿಸುತ್ತಿದೆಯೆಂದು ಇಂದು ನಾವು ಬಲ್ಲೆವು. ಶೇಷಾದ್ರಿ ಅಯ್ಯರ್ ಅವರ ಮುಂದಿದ್ದುದು ಖರ್ಚು ವೆಚ್ಚದ ಲೆಕ್ಕ ಮಾತ್ರ. ಆದರೂ ಆ ಲೆಕ್ಕವು ನಾಡನ್ನು ಹೊಗೆಯಿಲ್ಲದ ಶಕ್ತಿಯತ್ತ ನಡೆಸಿತು. 2001ರಲ್ಲಿ ಚಿನ್ನದ ಗಣಿಗಳು ಮುಚ್ಚಿದವು. ಅವುಗಳಿಗಾಗಿ ಹರಿದ ವಿದ್ಯುತ್ತು ಅದಕ್ಕೆ ಬಹು ಮೊದಲೇ ನಾಡಿನ ಜನರ ಸೊತ್ತಾಗಿತ್ತು.