ಕಲ್ಲು ಕಾಯುವ ಕಾನೂನಿಗೂ ಮೊದಲು ಬಂದ ಬಿ.ಎಲ್. ರೈಸ್

ಭದ್ರಾ ಅಣೆಕಟ್ಟಿನಿಂದ ಹೆಸರಾಗಿರುವ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಗೆ ಅಣೆಕಟ್ಟಿಗಿಂತ ಬಹಳ ಹಳೆಯದಾದ ಐತಿಹ್ಯವೊಂದಿದೆ. ಊರಿನ ಸಮೀಪದಲ್ಲಿ ರತ್ನಪುರಿ ಎಂಬ ಪಟ್ಟಣವಿತ್ತು, ಅದು ವಜ್ರಮಕುಟರಾಯನ ರಾಜಧಾನಿಯಾಗಿತ್ತು ಎಂಬುದು ಆ ಕಥೆ. ಜನರ ಬಾಯಲ್ಲಿ ಉಳಿದಿದ್ದ ಈ ಮಾತನ್ನು ಮೈಸೂರು ಗ್ಯಾಸೆಟಿಯರ್‌ನ ಪುಟಗಳಿಗೆ ತಂದವರು ಬೆಂಜಮಿನ್ ಲೂಯಿಸ್ ರೈಸ್. ಕನ್ನಡಿಗರು ಶಾಸನ ಪಿತಾಮಹರೆಂದು ಗೌರವಿಸುವ ಅದೇ ಬಿ.ಎಲ್. ರೈಸ್.

ಅವರು ಜನಿಸಿದ್ದು 1837ರ ಜುಲೈ 17ರಂದು, ಬೆಂಗಳೂರಿನಲ್ಲಿ. ತಂದೆ ಲಂಡನ್ ಮಿಷನ್ನಿನ ಪಾದ್ರಿ. ಇಂಗ್ಲೆಂಡಿನಲ್ಲಿ ಓದು ಮುಗಿಸಿ 1860ರಲ್ಲಿ ಹುಟ್ಟೂರಿಗೆ ಮರಳಿದ ರೈಸ್, ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆದ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. ಬಳಿಕ ಶಿಕ್ಷಣ ಇಲಾಖೆಯಲ್ಲಿ ಮೇಲೇರಿದರು. ಶಾಲೆಗಳ ತಪಾಸಣೆಗೆಂದು ಹಳ್ಳಿಹಳ್ಳಿ ಸುತ್ತುವಾಗ ದೇವಾಲಯಗಳ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ, ಹೊಲಗಳ ಬದುಗಳಲ್ಲಿ ಅಕ್ಷರ ಹೊತ್ತು ನಿಂತ ಕಲ್ಲುಗಳು ಅವರನ್ನು ಸೆಳೆದವು. ಉದ್ಯೋಗಕ್ಕೆ ಅಂಟಿಕೊಂಡು ಬಂದ ಹವ್ಯಾಸ ಕ್ರಮೇಣ ಉದ್ಯೋಗವನ್ನೇ ನುಂಗಿತು. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಹೊಣೆ ಅವರ ಹೆಗಲೇರಿತು.

ಆ ಕಲ್ಲುಗಳಿಗೆ ಆಗ ಯಾವ ಕಾನೂನಿನ ರಕ್ಷಣೆಯೂ ಇರಲಿಲ್ಲ. 1878ರ ನಿಧಿ ಕಾಯ್ದೆ ಬ್ರಿಟಿಷ್ ಆಡಳಿತಕ್ಕೆ ಬೇಕಾಗಿದ್ದ ಹೂತಿಟ್ಟ ಹಣ-ಒಡವೆಗಳನ್ನು ಕುರಿತದ್ದು. ನೆಲದ ಮೇಲೆ ಕಣ್ಣೆದುರಿಗೇ ನಿಂತಿದ್ದ ವೀರಗಲ್ಲನ್ನು ಕಿತ್ತು ಮನೆಯ ಮೆಟ್ಟಿಲಿಗೆ ಹಾಕಿದರೆ ಕೇಳುವವರಿರಲಿಲ್ಲ. ಅದನ್ನು ತಡೆಯುವ ಅಧಿಕಾರ ರೈಸ್ ಅವರಿಗೂ ಇರಲಿಲ್ಲ. ಆದ್ದರಿಂದ ಅವರು ತಮಗೆ ಸಾಧ್ಯವಿದ್ದ ಒಂದೇ ದಾರಿ ಹಿಡಿದರು: ಕಲ್ಲು ಹೋದರೂ ಅಕ್ಷರ ಉಳಿಯುವಂತೆ ಪಡಿಯಚ್ಚು ತೆಗೆಸುವುದು, ಪಂಡಿತರ ನೆರವಿನಿಂದ ಓದುವುದು, ಅನುವಾದದೊಡನೆ ಮುದ್ರಿಸುವುದು. 1886ರ ಕೊಡಗಿನ ಶಾಸನಗಳಿಂದ ಮೊದಲಾದ ಎಪಿಗ್ರಾಫಿಯ ಕರ್ನಾಟಿಕ 12 ಸಂಪುಟಗಳಾಗಿ ಬೆಳೆಯಿತು. ಅದರಲ್ಲಿ ಸುಮಾರು 9,000 ಶಾಸನಗಳು ಸೇರಿದವು. 1892ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದದ್ದೂ ಅವರೇ.

ಕಡೂರು ಜಿಲ್ಲೆಯ ಶಾಸನಗಳ ಆರನೆಯ ಸಂಪುಟ ಹೊರಬಂದದ್ದು 1901ರಲ್ಲಿ. ಲಕ್ಕವಳ್ಳಿಯ ಸೀಮೆಯೂ ಸೇರಿದ ತರೀಕೆರೆ ಭಾಗದ ಕಲ್ಲುಗಳು ಇದರಲ್ಲಿವೆ. ಇವುಗಳಲ್ಲಿ ಸಾಹಿತ್ಯಪ್ರಿಯರು ಮರೆಯಲಾಗದ್ದು ತರೀಕೆರೆಯ 45ನೆಯ ಸಂಖ್ಯೆ. ಹೊಯ್ಸಳ ಇಮ್ಮಡಿ ಬಲ್ಲಾಳನ ದಂಡನಾಯಕ ಅಮಿತಯ್ಯ ಕಟ್ಟಿಸಿದ ಅಮೃತಾಪುರದ ಅಮೃತೇಶ್ವರ ದೇವಾಲಯದ ಶಾಸನವದು. ಬರೆದವನು ಕವಿ ಜನ್ನ. ಯಶೋಧರ ಚರಿತೆಯ ಕವಿಯ ಪದ್ಯಗಳು ಓಲೆಗರಿಯಲ್ಲಿ ಮಾತ್ರವಲ್ಲದೆ ತರೀಕೆರೆಯ ಬಯಲಿನ ಕಲ್ಲಿನಲ್ಲೂ ಇದ್ದವು ಎಂಬುದು ಹೀಗೆ ನಾಡಿಗೆಲ್ಲ ತಿಳಿಯಿತು.

ಶಾಸನವೆಂದರೆ ಕೇವಲ ಕಾವ್ಯವಲ್ಲ, ಅದು ಭೂಮಿಯ ಪತ್ರ. ಯಾರಿಗೆ ಯಾವ ಗದ್ದೆ, ಯಾವ ದೇವರಿಗೆ ಯಾವ ತೆರಿಗೆ ಎಂಬುದರ ದಾಖಲೆ. ಆದುದರಿಂದಲೇ ಅದರ ಸುತ್ತ ಜಗಳವೂ ಇತ್ತು. ರೈಸ್ ಪ್ರಕಟಿಸಿದ ಗಂಗರ ತಾಮ್ರಪಟಗಳಲ್ಲಿ ಅನೇಕವು ಖೋಟಾ ಎಂದು ಜೆ.ಎಫ್. ಫ್ಲೀಟ್ ಸಾರಿದರು. ರೈಸ್ ಹಿಂದೆ ಸರಿಯಲಿಲ್ಲ; ವಾದ ವರ್ಷಗಟ್ಟಲೆ ನಡೆಯಿತು. ಕೆಲವು ಪಟಗಳು ಕೂಟವೆಂದು ಮುಂದಿನ ವಿದ್ವಾಂಸರು ಒಪ್ಪಿದರು, ಎಲ್ಲವನ್ನೂ ಅಲ್ಲ. ಈ ವಿಷಯದಲ್ಲಿ ರೈಸ್ ಅವರ ನಂಬಿಕೆ ಅವರ ಎಚ್ಚರಿಕೆಗಿಂತ ಒಂದು ಹೆಜ್ಜೆ ಮುಂದಿತ್ತು ಎನ್ನದೆ ವಿಧಿಯಿಲ್ಲ.

ಇನ್ನೊಂದು ಕೊರತೆ ಅವರೊಬ್ಬರದಲ್ಲ, ಆ ಕಾಲದ್ದು. ಶಾಸನಶಾಸ್ತ್ರ ಹುಡುಕಿದ್ದು ಅಕ್ಷರವಿದ್ದ ಕಲ್ಲನ್ನು. ಲಕ್ಕವಳ್ಳಿಯ ಹಿಂದಿನ ಕಾಡುಗಳಲ್ಲಿ ಬದುಕಿದವರ ಬನ, ಬರಹವಿಲ್ಲದ ದೈವದ ಕಲ್ಲು, ಹಿರಿಯರ ಗೋರಿ ಇವು ಆ ಸಂಪುಟಗಳಿಗೆ ಸೇರುವಂಥವಲ್ಲ. ಮುಂದೆ ಬಂದ ಕಾನೂನುಗಳೂ ಇದೇ ಜಾಡಿನಲ್ಲಿ ನಡೆದವು. 1904ರಲ್ಲಿ ಕರ್ಜನ್ ಕಾಲದ ಪ್ರಾಚೀನ ಸ್ಮಾರಕ ಕಾಯ್ದೆ, 1925ರಲ್ಲಿ ಮೈಸೂರು ಸಂಸ್ಥಾನದ ಸ್ವಂತ ಕಾಯ್ದೆ, 1958ರಲ್ಲಿ ಕೇಂದ್ರದ್ದು, 1961ರಲ್ಲಿ ರಾಜ್ಯದ್ದು. ಸರ್ಕಾರ ಸಂರಕ್ಷಿತವೆಂದು ಘೋಷಿಸಿದ್ದಕ್ಕೇ ಇವುಗಳ ಮುಖ್ಯ ಆಸರೆ. ಅಮೃತಾಪುರದ ಗುಡಿಗೆ ಅದು ದಕ್ಕಿತು. ಹೊಲದಲ್ಲಿ ಒಂಟಿಯಾಗಿ ನಿಂತ ವೀರಗಲ್ಲುಗಳಲ್ಲಿ ಹೆಚ್ಚಿನವಕ್ಕೆ ದಕ್ಕಲಿಲ್ಲ. ಅರಣ್ಯವಾಸಿಗಳ ಸಾಂಸ್ಕೃತಿಕ ಪರಂಪರೆಗೆ ಧಕ್ಕೆಯಾಗದಂತೆ ನೋಡಿಕೊಳ್ಳುವ ಅಧಿಕಾರವನ್ನು ಅವರಿಗೂ ಅವರ ಗ್ರಾಮಸಭೆಗೂ ಕೊಟ್ಟದ್ದು 2006ರ ಅರಣ್ಯ ಹಕ್ಕು ಕಾಯ್ದೆ. ಅಷ್ಟರಲ್ಲಿ, 2001-02ರ ಸುಮಾರಿಗೇ, ಭದ್ರಾ ಅಭಯಾರಣ್ಯದೊಳಗಿನ ನಾನೂರಕ್ಕೂ ಹೆಚ್ಚು ಕುಟುಂಬಗಳು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿ ಮೊದಲಾದ ಕಡೆಗೆ ಸ್ಥಳಾಂತರಗೊಂಡಿದ್ದವು.

ಕಾಯ್ದೆ ಇದ್ದಮಾತ್ರಕ್ಕೆ ಕಲ್ಲು ಉಳಿಯುತ್ತದೆಂದೂ ಇಲ್ಲ. ಪಶ್ಚಿಮ ಆಸ್ಟ್ರೇಲಿಯದ ಜೂಕನ್ ಕಣಿವೆಯಲ್ಲಿ 46,000 ವರ್ಷಗಳ ಮಾನವ ವಾಸದ ಕುರುಹುಳ್ಳ, ಮೂಲನಿವಾಸಿಗಳಿಗೆ ಪವಿತ್ರವಾದ ಗುಹೆಗಳನ್ನು 2020ರಲ್ಲಿ ಗಣಿ ಕಂಪನಿಯೊಂದು ಸ್ಫೋಟಿಸಿತು. ಅದಕ್ಕೆ ಅನುಮತಿ ದೊರೆತದ್ದು 1972ರ ಮೂಲನಿವಾಸಿ ಪರಂಪರೆ ಸಂರಕ್ಷಣಾ ಕಾಯ್ದೆಯಡಿಯಲ್ಲೇ!

ರೈಸ್ 1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ತೆರಳಿದರು. ಅಲ್ಲಿಂದಲೇ 1909ರಲ್ಲಿ ಮೈಸೂರು ಮತ್ತು ಕೊಡಗಿನ ಇತಿಹಾಸವನ್ನು ಶಾಸನಗಳ ಆಧಾರದ ಮೇಲೆ ರಚಿಸಿ ಪ್ರಕಟಿಸಿದರು. ಅವರ ಸ್ಥಾನಕ್ಕೆ ಬಂದವರು ಅವರ ಸಹಾಯಕರಾಗಿದ್ದ ಆರ್. ನರಸಿಂಹಾಚಾರ್ಯರು. ಮೈಸೂರಿನ ಸಂರಕ್ಷಣಾ ಕಾಯ್ದೆ ಬಂದ ಎರಡು ವರ್ಷಗಳ ಬಳಿಕ, 1927ರ ಜುಲೈ 10ರಂದು, ತೊಂಬತ್ತು ತುಂಬಲು ಒಂದು ವಾರವಿರುವಾಗ ಹ್ಯಾರೋದಲ್ಲಿ ರೈಸ್ ನಿಧನರಾದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಲ್ಲಿ ಈ ಸಂಪುಟಗಳ ಪರಿಷ್ಕರಣೆಗೆ ಕೈಹಾಕಿತು. ವಿದ್ವಾಂಸರು ಮತ್ತೆ ಹಳ್ಳಿಗಳಿಗೆ ಹೋದಾಗ ಮೂಲ ಕಲ್ಲು ಸಿಗದ ಕಡೆಗಳಲ್ಲಿ ರೈಸ್ ಅವರ ಪಾಠವನ್ನೇ ಉಳಿಸಿಕೊಳ್ಳಬೇಕಾಯಿತು.