ಗಳಿಕೆ ಬಿಟ್ಟರು, ಕಾಯಕ ಬಿಡಲಿಲ್ಲ



ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಶ್ರೀಮಠಕ್ಕೆ ಬರುವ ಭಕ್ತರಲ್ಲಿ ಕೆಲವರು ಪ್ರಸಾದ ಮುಗಿದ ಮೇಲೆ ನಮ್ಮ ಕಚೇರಿಯ ಬಾಗಿಲಲ್ಲಿ ನಿಂತು ಒಂದು ಮಾತು ಕೇಳುವುದುಂಟು. ಅಂಗಡಿಯ ಬೀಗದ ಕೈಯನ್ನು ಮಕ್ಕಳಿಗೆ ಯಾವಾಗ ಕೊಡಬೇಕು? ಕಾರ್ಖಾನೆಯಲ್ಲಿ ದೊಡ್ಡ ಸಂಬಳ ತೆಗೆದುಕೊಳ್ಳುವ ಮಗ ಐವತ್ತು ತುಂಬುವ ಮೊದಲೇ ಕೆಲಸ ಬಿಟ್ಟು ಊರಿಗೆ ಬರುತ್ತೇನೆ ಎನ್ನುತ್ತಾನೆ, ಹೂಂ ಅನ್ನಬೇಕೋ ಬೇಡವೋ? ನಾವು ವಾಣಿಜ್ಯ ಓದಿದವರು. ಜಮಾ ಖರ್ಚು ನೋಡಿ ಹೇಳಬಲ್ಲೆವು. ಆದರೆ ಲೆಕ್ಕದ ಪುಸ್ತಕದಲ್ಲಿ ಇದಕ್ಕೆ ಅರ್ಧ ಉತ್ತರ ಮಾತ್ರ ಸಿಗುತ್ತದೆ. ಉಳಿದರ್ಧಕ್ಕೆ ನಮ್ಮ ನೆರೆಯಲ್ಲೇ ಹುಟ್ಟಿ ಬೆಳೆದ ಹಿರಿಯರೊಬ್ಬರ ಬದುಕನ್ನು ಈ ಸಂಚಿಕೆಯಲ್ಲಿ ನೆನೆಯೋಣ. ಅವರೇ ಚಕ್ರವರ್ತಿ ರಾಜಗೋಪಾಲಾಚಾರಿ, ಅಂದರೆ ರಾಜಾಜಿ. ಅವರು ಅಯ್ಯಂಗಾರ್ ಮನೆತನದವರು. ಆದರೂ ನಮ್ಮ ಹೊಸೂರಿನ ಮಣ್ಣಿನವರು.

ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ೧೮೭೮ರ ಡಿಸೆಂಬರ್ ೧೦ರಂದು ಅವರ ಜನನ. ಆಗ ಹೊಸೂರು ಸೇಲಂ ಜಿಲ್ಲೆಗೆ ಸೇರಿತ್ತು. ತಂದೆ ವೆಂಕಟಾರ್ಯ ಅಯ್ಯಂಗಾರರು ಗ್ರಾಮದ ಮುನ್ಸೀಫರು, ತಾಯಿ ಸಿಂಗಾರಮ್ಮ. ಮಗು ಬಹಳ ಕೃಶ. ಹೆಚ್ಚು ದಿನ ಉಳಿಯುವುದೋ ಇಲ್ಲವೋ ಎಂದು ಹೆತ್ತವರಿಗೆ ಚಿಂತೆಯಿತ್ತು. ಆ ಕೃಶ ದೇಹವೇ ಮುಂದೆ ತೊಂಬತ್ತನಾಲ್ಕು ವರ್ಷ ಬಾಳಿತು. ಹೊಸೂರಿನ ಶಾಲೆ, ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮದರಾಸಿನಲ್ಲಿ ಕಾನೂನು ಓದು, ಇವೆಲ್ಲ ಮುಗಿಸಿ ೧೯೦೦ರಲ್ಲಿ ಸೇಲಂನಲ್ಲಿ ವಕೀಲಿ ಆರಂಭಿಸಿದರು.

ವಕೀಲಿ ಚೆನ್ನಾಗಿ ಕೈಹಿಡಿಯಿತು. ಕ್ರಿಮಿನಲ್ ಮೊಕದ್ದಮೆಗಳಲ್ಲಿ ಅವರಿಗೆ ದೊಡ್ಡ ಹೆಸರು ಬಂತು, ಹಣವೂ ಬಂತು. ೧೯೧೭ರಿಂದ ೧೯೧೯ರವರೆಗೆ ಸೇಲಂ ಪುರಸಭೆಯ ಅಧ್ಯಕ್ಷರೂ ಆಗಿದ್ದರು. ಈ ನಡುವೆ, ೧೯೧೬ರ ಸುಮಾರಿಗೆ, ಪತ್ನಿ ಅಲಮೇಲು ಮಂಗಮ್ಮ ತೀರಿಕೊಂಡರು. ಮೂವರು ಗಂಡು, ಇಬ್ಬರು ಹೆಣ್ಣು, ಹೀಗೆ ಐದು ಮಕ್ಕಳ ಭಾರ ಒಬ್ಬರ ಮೇಲೆಯೇ ಬಿತ್ತು. ಅವರು ಮತ್ತೆ ಮದುವೆಯಾಗಲಿಲ್ಲ.

ಸ್ನೇಹಿತರ ಒತ್ತಾಯದಿಂದ ಇನ್ನೂ ದೊಡ್ಡ ವಕೀಲಿ ನಡೆಸಲೆಂದು ಅವರು ಮದರಾಸಿಗೆ ಹೋಗಿ ನೆಲೆಸಿದರು. ೧೯೧೯ರಲ್ಲಿ ಗಾಂಧೀಜಿಯವರು ಅವರ ಮನೆಯಲ್ಲೇ ತಂಗಿದ್ದರು. ರೌಲಟ್ ಕಾಯ್ದೆಯ ವಿರುದ್ಧ ದೇಶವೆಲ್ಲ ಹರತಾಳ ಮಾಡಬೇಕೆಂಬ ವಿಚಾರ ಗಾಂಧೀಜಿಯವರಿಗೆ ಹೊಳೆದದ್ದು ಆ ಮನೆಯಲ್ಲಿಯೇ. ಮರುವರ್ಷ ಅಸಹಕಾರ ಚಳವಳಿ ಬಂತು. ವಕೀಲರು ನ್ಯಾಯಾಲಯ ಬಿಡಬೇಕೆಂದು ಕಾಂಗ್ರೆಸ್ ಕರೆಕೊಟ್ಟಿತು. ರಾಜಾಜಿ ಬಿಟ್ಟರು. ಅಲಹಾಬಾದಿನಲ್ಲಿ ಮೋತಿಲಾಲ್ ನೆಹರೂ, ಕಲ್ಕತ್ತೆಯಲ್ಲಿ ಚಿತ್ತರಂಜನ್ ದಾಸ್ ಕೂಡ ಬಿಟ್ಟರು. ಚಳವಳಿ ತಣ್ಣಗಾದ ಮೇಲೆ ಬಹಳ ವಕೀಲರು ಮತ್ತೆ ಕರೀಕೋಟು ತೊಟ್ಟು ಕೋರ್ಟಿಗೆ ಹೋದರು. ರಾಜಾಜಿ ತಮ್ಮ ವೃತ್ತಿಗೆ ಹಿಂದಿರುಗಲಿಲ್ಲ.

ಭಕ್ತಬಾಂಧವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಆಗ ಅವರ ವಯಸ್ಸು ನಲವತ್ತೆರಡರ ಆಸುಪಾಸು. ಮೈಯಲ್ಲಿ ಶಕ್ತಿ ಕುಂದಿರಲಿಲ್ಲ, ಕಕ್ಷಿದಾರರು ಕೈಬಿಟ್ಟಿರಲಿಲ್ಲ. ಗಳಿಕೆ ಏರುತ್ತಿದ್ದ ಕಾಲ. ಮನೆಯಲ್ಲಿ ತಾಯಿಯಿಲ್ಲದ ಮಕ್ಕಳು. ನಮ್ಮ ಲೆಕ್ಕದಂತೆ ನೋಡಿದರೆ ಬಿಡುವುದಕ್ಕೆ ಇದು ತಕ್ಕ ಸಮಯವಲ್ಲ. ತಂದೆ ಮತ್ತೆ ಮತ್ತೆ ಜೈಲಿಗೆ ಹೋದಾಗ ಆ ಮಕ್ಕಳು ಪಟ್ಟ ಪಾಡು ಸಣ್ಣದಲ್ಲ. ತ್ಯಾಗವೆಂಬುದು ಒಬ್ಬರೇ ಮಾಡುವಂಥದ್ದಲ್ಲ, ಮನೆಯವರೂ ಅದರಲ್ಲಿ ಪಾಲು ಕೊಡುತ್ತಾರೆ. ಇದನ್ನು ಮರೆತು ಹೊಗಳುವುದು ಸರಿಯಲ್ಲ.

ಬಿಟ್ಟ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ೧೯೨೫ರಲ್ಲಿ ತಿರುಚೆಂಗೋಡಿನ ಬಳಿ ಪುದುಪಾಳಯಂನಲ್ಲಿ ಗಾಂಧಿ ಆಶ್ರಮ ಸ್ಥಾಪಿಸಿದರು. ಬರದ ಸೀಮೆಯ ಬಡವರಿಗೆ ನೂಲುವ, ನೇಯುವ ಕೆಲಸ ಕೊಟ್ಟರು. ಅಸ್ಪೃಶ್ಯತೆ ಹೋಗಬೇಕೆಂದು, ಕುಡಿತ ನಿಲ್ಲಬೇಕೆಂದು ದುಡಿದರು. ಪಾನನಿಷೇಧಕ್ಕಾಗಿಯೇ ತಮಿಳಿನಲ್ಲಿ ಒಂದು ಪತ್ರಿಕೆ ನಡೆಸಿದರು. ೧೯೩೦ರಲ್ಲಿ, ಐವತ್ತು ದಾಟಿದ ಮೇಲೆ, ತಿರುಚಿರಾಪಳ್ಳಿಯಿಂದ ವೇದಾರಣ್ಯದವರೆಗೆ ಸುಮಾರು ೧೫೦ ಮೈಲಿ ನಡೆದು ಉಪ್ಪಿನ ಸತ್ಯಾಗ್ರಹ ನಡೆಸಿದರು.

೧೯೩೭ರಲ್ಲಿ ಮದರಾಸು ಪ್ರಾಂತದ ಪ್ರಧಾನಮಂತ್ರಿಯಾದಾಗ ಆಶ್ರಮದ ಅನುಭವ ಕಾಯ್ದೆಗಳಿಗೆ ಇಳಿಯಿತು. ಅದೇ ವರ್ಷ ಅಕ್ಟೋಬರ್ ೧ರಿಂದ ಸೇಲಂ ಜಿಲ್ಲೆಯಲ್ಲಿ, ಎಂದರೆ ನಮ್ಮ ಹೊಸೂರು, ಕೃಷ್ಣಗಿರಿಯಲ್ಲಿಯೂ, ಪಾನನಿಷೇಧ ಬಂತು. ೧೯೩೮ರಲ್ಲಿ ರೈತರ ಸಾಲ ಪರಿಹಾರ ಕಾಯ್ದೆ ಬಂತು. ಹಳೆಯ ಸಾಲಗಳ ಬಾಕಿ ಬಡ್ಡಿ ಅದರಿಂದ ರದ್ದಾಯಿತು. ಅಸಲಿನ ಎರಡರಷ್ಟು ಆಗಲೇ ಕಟ್ಟಿದ್ದವರ ಸಾಲವೇ ತೀರಿತೆಂದಾಯಿತು. ಸೇಂದಿ ಸಾರಾಯಿಯ ಆದಾಯ ಹೋದದ್ದನ್ನು ತುಂಬಿಕೊಳ್ಳಲು ೧೯೩೯ರಲ್ಲಿ ಮಾರಾಟ ತೆರಿಗೆ ತಂದರು. ವ್ಯಾಪಾರಿ ಬಂಧುಗಳಿಗೆ ಆ ತೆರಿಗೆ ಇಷ್ಟವಾಗಿರಲಿಲ್ಲ. ಆದರೂ ಒಂದು ಕಡೆ ಖರ್ಚು ಬರೆದವನು ಇನ್ನೊಂದು ಕಡೆ ಜಮಾ ತೋರಿಸಬೇಕೆಂಬ ಲೆಕ್ಕವನ್ನು ಅವರು ಪಾಲಿಸಿದರು.

ಅವರು ಹತ್ತಿದ ಗದ್ದುಗೆಗಳು ಹಲವು. ಪಶ್ಚಿಮ ಬಂಗಾಳದ ರಾಜ್ಯಪಾಲರಾದರು. ೧೯೪೮ರಿಂದ ೧೯೫೦ರವರೆಗೆ ದೇಶದ ಕೊನೆಯ ಗವರ್ನರ್ ಜನರಲ್ ಆಗಿದ್ದರು. ಆ ಪದವಿಗೇರಿದ ಭಾರತೀಯರು ಅವರೊಬ್ಬರೇ. ಬಳಿಕ ಕೇಂದ್ರದಲ್ಲಿ ಮಂತ್ರಿಯಾಗಿ ೧೯೫೧ರಲ್ಲಿ ರಾಜೀನಾಮೆ ಕೊಟ್ಟು ಊರಿಗೆ ಬಂದರು. ಪ್ರತಿ ಪದವಿಯನ್ನೂ ಅವರು ಸುಲಭವಾಗಿ ಇಳಿಸಿಟ್ಟರೆಂದು ಹೇಳಲಾಗದು. ೧೯೫೨ರಲ್ಲಿ ಮದರಾಸಿನ ಮುಖ್ಯಮಂತ್ರಿಯಾದಾಗ ಎಪ್ಪತ್ತಮೂರು ವರ್ಷ. ಮಕ್ಕಳು ಅರ್ಧ ದಿನ ಶಾಲೆಯಲ್ಲಿ ಕಲಿತು, ಉಳಿದ ಹೊತ್ತು ಮನೆಯ ಕಸುಬು ಕಲಿಯಬೇಕೆಂಬ ಯೋಜನೆಯನ್ನು ೧೯೫೩ರಲ್ಲಿ ತಂದರು. ಇದರಿಂದ ಕ್ಷೌರಿಕನ ಮಗ ಕ್ಷೌರಿಕನಾಗಿಯೇ, ಅಗಸನ ಮಗ ಅಗಸನಾಗಿಯೇ ಉಳಿಯುತ್ತಾನೆಂದು ಜನ ಸಿಡಿದೆದ್ದರು. ಸ್ವಂತ ಪಕ್ಷದವರೂ ಒಪ್ಪಲಿಲ್ಲ. ಅವರು ಹಟ ಸಡಿಲಿಸಲಿಲ್ಲ. ೧೯೫೪ರ ಏಪ್ರಿಲ್‌ನಲ್ಲಿ ಪದವಿ ಬಿಡಬೇಕಾಯಿತು. ಕಾಮರಾಜರು ಬಂದು ಆ ಯೋಜನೆಯನ್ನು ಕೈಬಿಟ್ಟರು. ನಲವತ್ತೆರಡರಲ್ಲಿ ತಾವಾಗಿ ಎದ್ದು ಹೊರಟವರು ಎಪ್ಪತ್ತೈದರಲ್ಲಿ ಬೇರೆಯವರು ಎಬ್ಬಿಸುವವರೆಗೆ ಕುಳಿತರು. ದೊಡ್ಡವರಿಗೂ ಹೀಗಾಗುತ್ತದೆ. ಹಣದ ಗಂಟು ಬಿಚ್ಚುವುದಕ್ಕಿಂತ ಅಧಿಕಾರದ ಗಂಟು ಬಿಚ್ಚುವುದು ಕಷ್ಟ.

ಅಲ್ಲಿಗೂ ಅವರ ದುಡಿಮೆ ನಿಲ್ಲಲಿಲ್ಲ. ತಮಿಳಿನಲ್ಲಿ ಬರೆದ ರಾಮಾಯಣಕ್ಕೆ ೧೯೫೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ೧೯೫೯ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಸ್ವತಂತ್ರ ಪಕ್ಷ ಕಟ್ಟಿದರು. ಲೈಸೆನ್ಸು ಪರ್ಮಿಟ್ಟುಗಳ ಕಾಟದಿಂದ ವ್ಯಾಪಾರವನ್ನೂ, ಸಾಮೂಹಿಕ ಬೇಸಾಯದ ಯೋಚನೆಯಿಂದ ರೈತನ ಭೂಮಿಯನ್ನೂ ಉಳಿಸಬೇಕೆಂಬುದು ಆ ಪಕ್ಷದ ವಾದ. ೧೯೬೭ರ ಚುನಾವಣೆಯಲ್ಲಿ ಲೋಕಸಭೆಯಲ್ಲಿ ಅದಕ್ಕೆ ೪೪ ಸ್ಥಾನಗಳು ಬಂದವು. ೧೯೭೧ರಲ್ಲಿ ತಮಿಳುನಾಡಿನಲ್ಲಿ ಪಾನನಿಷೇಧ ಸಡಿಲವಾಗುವಾಗ, ತೊಂಬತ್ತೆರಡರ ಮುದುಕರು ಅದನ್ನು ತೆಗೆಯಬೇಡಿರೆಂದು ಬೇಡಿಕೊಂಡರು. ೧೯೭೨ರ ಡಿಸೆಂಬರ್ ೨೫ರಂದು ನಿಧನರಾದರು.

ಈಗ ಲೆಕ್ಕ ಹಾಕೋಣ. ವಕೀಲಿಯಲ್ಲಿ ಗಳಿಸಿದ್ದು ೨೦ ವರ್ಷ. ಅದನ್ನು ಬಿಟ್ಟ ಮೇಲೆ ದುಡಿದದ್ದು ೫೨ ವರ್ಷ. ನಿವೃತ್ತಿಯ ಬಗ್ಗೆ ಕೇಳುವ ಭಕ್ತರಿಗೆ ನಾವು ಹೇಳಬೇಕೆಂದಿದ್ದು ಇಷ್ಟೇ. ಹಣದ ಕೆಲಸ ಬಿಡಲು ಒಂದು ವಯಸ್ಸಿನ ಮಿತಿಯಿಲ್ಲ. ಸಾಲ ತೀರಿದೆಯೇ, ಮಕ್ಕಳ ವಿದ್ಯೆ ಒಂದು ದಡಕ್ಕೆ ಬಂದಿದೆಯೇ, ಮನೆಯವರು ಮನಸಾರೆ ಒಪ್ಪಿದ್ದಾರೆಯೇ ಎಂದು ಮೊದಲು ನೋಡಬೇಕು. ರಾಜಾಜಿ ಇದನ್ನೆಲ್ಲ ಮೀರಿ ನಡೆದರು, ಎಲ್ಲರಿಗೂ ಅದು ಸಲ್ಲದು. ಆಮೇಲೆ, ನಾಳೆ ಬೆಳಗ್ಗೆ ಎದ್ದು ಯಾವ ಕೆಲಸಕ್ಕೆ ಹೋಗುತ್ತೇವೆಂಬುದು ತಿಳಿದಿರಬೇಕು. ಅದು ತಿಳಿಯದೆ ಬಿಟ್ಟವರು ಜಗಲಿಯ ಮೇಲೆ ಕುಳಿತು ಸೊರಗುವುದನ್ನು ನಾವು ಕಂಡಿದ್ದೇವೆ. ಹಾಗೆಯೇ, ಮಕ್ಕಳು ಕೈಯಿಂದ ಕಿತ್ತುಕೊಳ್ಳುವ ಮೊದಲು ಬೀಗದ ಕೈ ಕೊಡುವುದು ಹಿರಿತನಕ್ಕೆ ಶೋಭೆ.

ಶರಣರು ಕಾಯಕಕ್ಕೆ ನಿವೃತ್ತಿ ಹೇಳಲಿಲ್ಲ. ಸಂಬಳ ನಿಂತ ಮೇಲೆ ಮಾಡುವ ಕೆಲಸ ದಾಸೋಹವಾಗಬಹುದು. ತೊರಪಳ್ಳಿಯಲ್ಲಿ ರಾಜಾಜಿ ಹುಟ್ಟಿದ ಮನೆಯನ್ನು ಸರ್ಕಾರ ಸ್ಮಾರಕವಾಗಿ ಕಾಪಾಡಿದೆ. ಹೊಸೂರಿಗೆ ಬಂದವರು ಮಕ್ಕಳೊಂದಿಗೆ ಒಮ್ಮೆ ನೋಡಿ ಬರಬೇಕೆಂದು ಕೋರುತ್ತೇವೆ.



ಕಾರ್ಯದರ್ಶಿ, ಶ್ರೀಮಠ