ನಿಲ್ಸ್ ಬೋಲಿನ್: ಬೆಲ್ಟ್ ಹಾಕಿಸಿದ ಇಂಜಿನಿಯರ್

ಮನೆಗೆ ಎಸ್‌ಯುವಿ ತಗೋಬೇಕು ಅಂತ ಮಾತು ಶುರುವಾದರೆ ಮೊದಲು ಬರೋದು ಮೈಲೇಜ್, ಆಮೇಲೆ ಸನ್‌ರೂಫ್, ಆಮೇಲೆ ಡಿಕ್ಕಿಯಲ್ಲಿ ಎಷ್ಟು ಬ್ಯಾಗ್ ಹಿಡಿಸುತ್ತೆ ಅನ್ನೋದು. ಚಿಕ್ಕ ಮಕ್ಕಳಿರೋ ಮನೆಯಾದರೆ ಏಳು ಸೀಟಿನ ಗಾಡಿ ನೋಡ್ತಾರೆ. ಆದರೆ ಆ ಏಳು ಸೀಟಿಗೂ ಎಂಥ ಬೆಲ್ಟ್ ಇದೆ ಅಂತ ಶೋರೂಮ್‌ನಲ್ಲಿ ಕೇಳುವವರು ಕಡಿಮೆ. ಎರಡು ಮೂರು ಮಕ್ಕಳ ಕಾರ್ ಸೀಟ್‌ಗಳನ್ನು ಸಾಲಾಗಿ ಕೂರಿಸೋಕೆ ಹೊರಟಾಗ ಮಾತ್ರ ಆ ಪ್ರಶ್ನೆ ಎದುರಾಗುತ್ತೆ. ಈ ಬೆಲ್ಟ್‌ಗೆ ಇವತ್ತಿನ ರೂಪ ಕೊಟ್ಟವರು ಸ್ವೀಡನ್ನಿನ ನಿಲ್ಸ್ ಬೋಲಿನ್. ನಮ್ಮ ಮೆಕ್ಯಾನಿಕಲ್ ಬ್ರಾಂಚಿನವರೇ!

ಬೋಲಿನ್ ಹುಟ್ಟಿದ್ದು 1920ರ ಜುಲೈ 17ರಂದು, ಸ್ವೀಡನ್ನಿನ ಹೆರ್ನೊಸಾಂಡ್ ಎಂಬ ಊರಿನಲ್ಲಿ. ಅಲ್ಲೇ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ 1939ರಲ್ಲಿ ಮುಗಿಸಿದರು. 1942ರಲ್ಲಿ ಸಾಬ್ ಕಂಪನಿ ಸೇರಿದರು. ಸಾಬ್ ಆಗ ಯುದ್ಧವಿಮಾನ ತಯಾರಿಸುತ್ತಿದ್ದ ಕಂಪನಿ. ಅಲ್ಲಿ ಅವರ ಕೆಲಸ ಎಜೆಕ್ಷನ್ ಸೀಟ್ ಮೇಲೆ. ವಿಮಾನ ಕೈಕೊಟ್ಟರೆ ಪೈಲಟ್ ಸೀಟ್ ಸಮೇತ ಹೊರಗೆ ಚಿಮ್ಮಬೇಕು, ಆದರೆ ಆ ಚಿಮ್ಮುವ ರಭಸಕ್ಕೆ ಅವನ ಬೆನ್ನುಮೂಳೆಗೆ ಏನೂ ಆಗಬಾರದು. ಅಂದರೆ, ಮನುಷ್ಯನ ದೇಹ ಎಷ್ಟು ಬಲ ತಡೆದುಕೊಳ್ಳುತ್ತೆ, ಯಾವ ಭಾಗ ತಡೆದುಕೊಳ್ಳುತ್ತೆ ಅನ್ನೋ ಲೆಕ್ಕಾಚಾರದಲ್ಲೇ ಅವರು ವರ್ಷಗಳನ್ನು ಕಳೆದರು.

1958ರಲ್ಲಿ ವೋಲ್ವೋ ಕಾರ್ ಕಂಪನಿಯ ಮುಖ್ಯಸ್ಥ ಗುನ್ನಾರ್ ಎಂಗೆಲ್ಲೌ ಅವರನ್ನು ಸೇಫ್ಟಿ ಇಂಜಿನಿಯರ್ ಆಗಿ ಕರೆಸಿಕೊಂಡರು. ಎಂಗೆಲ್ಲೌ ಅವರ ಸಂಬಂಧಿಕರೊಬ್ಬರು ಕಾರ್ ಅಪಘಾತದಲ್ಲಿ ತೀರಿಕೊಂಡಿದ್ದರು. ಹಾಗಾಗಿ ಈ ವಿಷಯ ಅವರಿಗೆ ಬರೀ ಮಾರ್ಕೆಟಿಂಗ್ ಆಗಿರಲಿಲ್ಲ.

ಆಗ ಕಾರುಗಳಲ್ಲಿ ಬೆಲ್ಟ್ ಇರಲೇ ಇಲ್ಲ ಅಂತೇನಲ್ಲ. ಕೆಲವು ಕಾರುಗಳಲ್ಲಿ ಸೊಂಟದ ಮೇಲೆ ಹಾದುಹೋಗುವ ಟೂ-ಪಾಯಿಂಟ್ ಬೆಲ್ಟ್ ಇತ್ತು. ಗುದ್ದಿದ ಕ್ಷಣಕ್ಕೆ ಸೊಂಟ ನಿಲ್ಲುತ್ತಿತ್ತು, ಆದರೆ ಮೇಲಿನ ದೇಹ ಚಾಕು ಮಡಚಿದ ಹಾಗೆ ಮುಂದಕ್ಕೆ ಬಾಗುತ್ತಿತ್ತು. ಬೆಲ್ಟ್ ಮೇಲೆ ಸರಿದು ಹೊಟ್ಟೆಗೆ ಒತ್ತಿ ಒಳಗಿನ ಅಂಗಗಳಿಗೆ ಪೆಟ್ಟಾಗುತ್ತಿತ್ತು. ಅಮೆರಿಕದಲ್ಲಿ ರೋಜರ್ ಗ್ರಿಸ್ವೋಲ್ಡ್ ಮತ್ತು ಹ್ಯೂ ಡಿಹೇವನ್ ಮೂರು ಪಾಯಿಂಟ್‌ನ ಬೆಲ್ಟ್‌ಗೆ ಆಗಲೇ ಪೇಟೆಂಟ್ ಪಡೆದಿದ್ದರು. ಆದರೆ ಅದರ ಬಕಲ್ ಹೊಟ್ಟೆಯ ಮೇಲೆಯೇ ಬರುತ್ತಿತ್ತು.

ಇಲ್ಲಿ ಬೋಲಿನ್ ಕಂಡುಕೊಂಡ ಮುಖ್ಯ ವಿಷಯ ಫಿಸಿಕ್ಸ್‌ಗಿಂತ ಜನರ ಬಗ್ಗೆ. ಪೈಲಟ್‌ಗಳು ಜೀವ ಉಳಿಯುತ್ತೆ ಅಂದರೆ ಎಂಥ ಕಟ್ಟುಪಟ್ಟಿಯನ್ನಾದರೂ ಹಾಕಿಕೊಳ್ಳುತ್ತಿದ್ದರು. ಕಾರಿನಲ್ಲಿ ಕೂರುವ ಸಾಮಾನ್ಯ ಜನ ಹಾಗಲ್ಲ, ಒಂದು ನಿಮಿಷ ಕಿರಿಕಿರಿ ಆದರೂ ಅದನ್ನು ತೆಗೆದು ಪಕ್ಕಕ್ಕೆ ಎಸೀತಾರೆ. ಹಾಗಾಗಿ ಅವರ ಡಿಸೈನ್‌ಗೆ ಎರಡು ಕಂಡೀಷನ್. ದೇಹದ ಮೇಲ್ಭಾಗ, ಕೆಳಭಾಗ ಎರಡನ್ನೂ ಸರಿಯಾದ ಜಾಗದಲ್ಲಿ ಹಿಡಿಯಬೇಕು. ಮತ್ತೆ, ಒಂದೇ ಕೈಯಲ್ಲಿ ಹಾಕೋಕೆ ಬರಬೇಕು.

ಸುಮಾರು ಒಂದು ವರ್ಷದ ಕೆಲಸದ ನಂತರ ಬಂದ ಉತ್ತರ ನೋಡೋಕೆ ತುಂಬಾ ಸಿಂಪಲ್. ಒಂದೇ ಪಟ್ಟಿ ಎದೆಯ ಮೇಲೆ ಓರೆಯಾಗಿ ಇಳಿದು, ಬಕಲ್ ಹತ್ತಿರ ತಿರುಗಿ, ಸೊಂಟದ ಮೇಲೆ ಅಡ್ಡ ಹೋಗುತ್ತೆ. ಎರಡೂ ಸೇರಿ ಮಲಗಿಸಿದ ವಿ ಆಕಾರ. ವಿ ತುದಿ ಹೊಟ್ಟೆ ಮೇಲೆ ಬರದೆ ಸೀಟಿನ ಪಕ್ಕದಲ್ಲಿ ಕೆಳಗೆ ಇರುತ್ತೆ, ಲೋಡ್ ಬಿದ್ದಾಗಲೂ ಜಾಗ ಬಿಟ್ಟು ಸರಿಯಲ್ಲ. ಬಲವೆಲ್ಲ ಪಕ್ಕೆಲುಬು ಮತ್ತು ಸೊಂಟದ ಮೂಳೆಗಳಿಗೆ ಹಂಚಿಹೋಗುತ್ತೆ. ದೇಹದಲ್ಲಿ ಅದನ್ನು ತಡೆಯೋ ತಾಕತ್ತು ಇರೋದು ಆ ಮೂಳೆಗಳಿಗೇ.

1959ರ ಆಗಸ್ಟ್ 13ರಂದು ಈ ಬೆಲ್ಟ್ ಇದ್ದ ಮೊದಲ ಕಾರು, ಒಂದು ವೋಲ್ವೋ ಪಿವಿ544, ಸ್ವೀಡನ್ನಿನ ಕ್ರಿಸ್ಟಿಯಾನ್‌ಸ್ಟಾಡ್‌ನಲ್ಲಿ ಡೀಲರ್ ಕೈ ಸೇರಿತು. 1962ರಲ್ಲಿ ಅಮೆರಿಕದ ಪೇಟೆಂಟ್ ಬಂತು. ವೋಲ್ವೋ ಮನಸ್ಸು ಮಾಡಿದ್ದರೆ ಬೇರೆ ಕಂಪನಿಗಳಿಂದ ಪ್ರತಿ ಕಾರಿಗೂ ರಾಯಲ್ಟಿ ವಸೂಲಿ ಮಾಡಬಹುದಿತ್ತು. ಅದು ಹಾಗೆ ಮಾಡದೆ ಯಾರು ಬೇಕಾದರೂ ಈ ಡಿಸೈನ್ ಬಳಸಲಿ ಅಂತ ಬಿಟ್ಟಿತು. ಇವತ್ತು ಯಾವ ಕಂಪನಿಯ ಕಾರ್ ಹತ್ತಿದರೂ ಇದೇ ಬೆಲ್ಟ್ ಇರೋದಕ್ಕೆ ಆ ನಿರ್ಧಾರವೂ ಒಂದು ಕಾರಣ.

ಆದರೆ ಬೆಲ್ಟ್ ಇದ್ದ ಮಾತ್ರಕ್ಕೆ ಜನ ಹಾಕಿಕೊಳ್ಳಲಿಲ್ಲ. ಬೋಲಿನ್ ಮುಂದಿನ ವರ್ಷಗಳನ್ನು ಜನರನ್ನು ಒಪ್ಪಿಸೋದಕ್ಕೆ ಕೊಟ್ಟರು, ಅದೂ ಡೇಟಾ ಇಟ್ಟುಕೊಂಡು. 1967ರಲ್ಲಿ ಅವರು ಸ್ವೀಡನ್ನಿನ ಸುಮಾರು 28,000 ಅಪಘಾತಗಳ ಅಧ್ಯಯನವನ್ನು ಮಂಡಿಸಿದರು. ಬೆಲ್ಟ್ ಹಾಕದವರು ಕಡಿಮೆ ವೇಗದಲ್ಲೂ ಸತ್ತಿದ್ದರು. ಹಾಕಿದ್ದವರಲ್ಲಿ ಗಂಟೆಗೆ 60 ಮೈಲಿಗಿಂತ, ಅಂದರೆ ಸುಮಾರು 96 ಕಿ.ಮೀ.ಗಿಂತ, ಕಡಿಮೆ ವೇಗದಲ್ಲಿ ಒಬ್ಬರೂ ಸತ್ತಿರಲಿಲ್ಲ. 1970ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಬೆಲ್ಟ್ ಹಾಕೋದನ್ನು ಕಡ್ಡಾಯ ಮಾಡಿತು. ಬೋಲಿನ್ ಅವರ ಸ್ವಂತ ದೇಶದಲ್ಲಿ ಮುಂದಿನ ಸೀಟಿಗೆ ಇದು ಕಡ್ಡಾಯವಾಗಿದ್ದು 1975ರಲ್ಲಿ. ಡಿಸೈನ್ ಮಾಡೋಕೆ ಒಂದು ವರ್ಷ, ಕಾನೂನು ಬರೋಕೆ ಹದಿನಾರು ವರ್ಷ!

ಮಕ್ಕಳ ಸಮಸ್ಯೆ ಬೇರೆಯೇ ಇತ್ತು. ಬೋಲಿನ್ ಬೆಲ್ಟ್ ದೊಡ್ಡವರ ಅಳತೆಯದು. ಚಿಕ್ಕ ಮಗುವಿಗೆ ಅದೇ ಪಟ್ಟಿ ಕುತ್ತಿಗೆಗೆ, ಹೊಟ್ಟೆಗೆ ಬರುತ್ತೆ. ಇದಕ್ಕೆ ಉತ್ತರ ಹುಡುಕಿದವರಲ್ಲಿ ಮೊದಲಿಗರು ಗೋಥೆನ್‌ಬರ್ಗ್‌ನ ಚಾಲ್ಮರ್ಸ್ ವಿಶ್ವವಿದ್ಯಾಲಯದ ಪ್ರೊಫೆಸರ್ ಬರ್ಟಿಲ್ ಆಲ್ಡ್‌ಮನ್. ಜೆಮಿನಿ ಗಗನಯಾತ್ರಿಗಳು ರಾಕೆಟ್ ಹಾರುವಾಗ ಬೆನ್ನಿಗೆ ಪೂರ್ತಿ ಬಲ ಬೀಳುವ ಹಾಗೆ ಮಲಗಿರೋದನ್ನು ನೋಡಿ, 1964ರಲ್ಲಿ ಅವರು ಹಿಂದಕ್ಕೆ ಮುಖ ಮಾಡಿದ ಮಕ್ಕಳ ಸೀಟಿನ ಮಾದರಿ ಮಾಡಿದರು. ಸ್ವಲ್ಪ ದೊಡ್ಡ ಮಕ್ಕಳಿಗಾಗಿ 1978ರಲ್ಲಿ ವೋಲ್ವೋ ಬೂಸ್ಟರ್ ದಿಂಬು ತಂದಿತು. ಅದರ ಕೆಲಸ ಇಷ್ಟೇ, ಮಗುವನ್ನು ಎತ್ತರಿಸಿ ಬೋಲಿನ್ ಬೆಲ್ಟ್ ಸರಿಯಾದ ಮೂಳೆ ಮೇಲೆ ಬರೋ ಹಾಗೆ ಮಾಡೋದು.

ತೊಡೆ ಮೇಲೆ ಕೂರಿಸಿಕೊಂಡರೆ ಆಗಲ್ವಾ ಅಂತ ಕೇಳುವವರಿಗೆ ನಮ್ಮ ಫಸ್ಟ್ ಇಯರ್ ಫಾರ್ಮುಲಾ ಸಾಕು. ಗಂಟೆಗೆ 50 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಅರ್ಧ ಮೀಟರ್ ದೂರದಲ್ಲಿ ನಿಲ್ಲಬೇಕಾದರೆ ಗುರುತ್ವದ ಸುಮಾರು 20 ಪಟ್ಟು ವೇಗ ಇಳಿಕೆ. 10 ಕೆಜಿ ಮಗುವನ್ನು ಹಿಡಿಯೋಕೆ 200 ಕೆಜಿ ಎತ್ತುವಷ್ಟು ಬಲ ಬೇಕು, ಅಂದರೆ ನಾಲ್ಕು ಸಿಮೆಂಟ್ ಮೂಟೆ. ಎಷ್ಟೇ ಪ್ರೀತಿ ಇದ್ದರೂ ಯಾವ ಅಮ್ಮನ ಕೈಗೂ ಅದು ಸಾಧ್ಯ ಇಲ್ಲ.

ಬೋಲಿನ್ 1985ರಲ್ಲಿ ನಿವೃತ್ತರಾದರು. ಮರುವರ್ಷ ವೋಲ್ವೋ ಹಿಂದಿನ ಸೀಟಿನ ನಡುವಿನ ಜಾಗಕ್ಕೂ ಮೂರು ಪಾಯಿಂಟ್ ಬೆಲ್ಟ್ ತಂದಿತು. 2002ರಲ್ಲಿ ಅದರ ಮೊದಲ ಎಸ್‌ಯುವಿ ಎಕ್ಸ್‌ಸಿ90 ಬಂದಾಗ ಏಳು ಸೀಟಿಗೂ ಅದೇ ಬೆಲ್ಟ್ ಇತ್ತು. ಎರಡನೇ ಸಾಲಿನ ನಡುವಿನ ಸೀಟಿನೊಳಗೇ ಬೂಸ್ಟರ್ ಅಡಗಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬೋಲಿನ್ ತೀರಿಕೊಂಡರು, 82ನೇ ವಯಸ್ಸಿನಲ್ಲಿ. ಆ ವರ್ಷವೇ ಅಮೆರಿಕದ ಇನ್ವೆಂಟರ್ಸ್ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿತ್ತು. ಅವರ ಬೆಲ್ಟ್ ಹತ್ತು ಲಕ್ಷಕ್ಕೂ ಹೆಚ್ಚು ಜೀವ ಉಳಿಸಿದೆ ಅಂತ ವೋಲ್ವೋ ಅಂದಾಜು. ಎಕ್ಸ್‌ಸಿ90ಯ ಮುಂದಿನ ತಲೆಮಾರಿನ ಕಾರಿನ ಜೋಡಣೆ 2017ರಲ್ಲಿ ನಮ್ಮ ಬೆಂಗಳೂರಿನ ಹತ್ತಿರವೇ ಶುರುವಾಯ್ತು.

ಅಷ್ಟು ದುಬಾರಿ ಗಾಡಿ ನಮ್ಮಲ್ಲಿ ಎಲ್ಲರೂ ತಗೊಳ್ಳಲ್ಲ ಬಿಡಿ. ಆದರೆ ಯಾವ ಎಸ್‌ಯುವಿ ನೋಡೋಕೆ ಹೋದರೂ ಬೋಲಿನ್ ನೆನಪಲ್ಲಿ ಇವಿಷ್ಟನ್ನು ನೋಡಿ. ಹಿಂದಿನ ನಡುವಿನ ಸೀಟಿಗೆ ಮೂರು ಪಾಯಿಂಟ್ ಬೆಲ್ಟ್ ಇದೆಯಾ? ಎಷ್ಟೋ ಗಾಡಿಗಳಲ್ಲಿ ಐಸೊಫಿಕ್ಸ್ ಕೊಕ್ಕೆ ಇರೋದು ಎರಡು ಕಿಟಕಿ ಬದಿಗೆ ಮಾತ್ರ, ಮೂರನೇ ಮಗುವಿನ ಸೀಟ್ ನಿಲ್ಲೋದು ನಡುವಿನ ಬೆಲ್ಟ್ ಮೇಲೆಯೇ. ಮೂರೂ ಮಕ್ಕಳ ಸೀಟ್ ಇಟ್ಟ ಮೇಲೆ ಬಕಲ್‌ಗೆ ಕೈ ತೂರುತ್ತಾ? ಸೀಟ್‌ಗಳನ್ನೇ ಶೋರೂಮ್‌ಗೆ ಹೊತ್ತುಕೊಂಡು ಹೋಗಿ ಇಟ್ಟು ನೋಡಿ, ನಾಚಿಕೆ ಏನೂ ಬೇಡ. ಹಿಂದಕ್ಕೆ ಮುಖ ಮಾಡಿದ ಸೀಟನ್ನು ಏರ್‌ಬ್ಯಾಗ್ ಆನ್ ಇರೋ ಮುಂದಿನ ಸೀಟಿನಲ್ಲಿ ಮಾತ್ರ ಇಡಲೇಬೇಡಿ.

ಇನ್ನು ನಮ್ಮ ವಿಷಯ. ಬೆಲ್ಟ್ ಹಾಕದೆ ಬೀಪ್ ಸದ್ದು ಮಾತ್ರ ನಿಲ್ಲಿಸುವ ಕ್ಲಿಪ್‌ಗಳನ್ನು ಮಾರಬಾರದು ಅಂತ 2023ರಲ್ಲಿ ಆನ್‌ಲೈನ್ ಅಂಗಡಿಗಳಿಗೆ ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆದೇಶ ಕೊಡಬೇಕಾಯ್ತು. ಒಂದೇ ಕೈಯಲ್ಲಿ ಹಾಕೋ ಹಾಗೆ ಬೋಲಿನ್ ಮಾಡಿಟ್ಟರೂ ಆ ಒಂದು ಕೈ ಎತ್ತೋಕೆ ನಮಗೆ ಸೋಮಾರಿತನ. ಮುಂದಿನ ಟ್ರಿಪ್‌ಗೆ ಕ್ಯಾಬ್‌ನಲ್ಲಿ ಹಿಂದೆ ಕೂತಾಗ, ಸೀಟ್ ಸಂದಿಯಲ್ಲಿ ಹೂತುಹೋಗಿರೋ ಬಕಲ್ ಹುಡುಕಿ ತೆಗೆದು ಹಾಕ್ಕೊಳ್ಳಿ. ಪಕ್ಕದಲ್ಲಿ ಕೂತವರಿಗೂ ಹೇಳಿ.